ಕಚ್ಚಾ ಹೊಲಿಗೆ

ಅಕ್ಕ ಬರುವ ಮೊದಲು ನೆಲ ಒರೆಸಿರಬೇಕು, ಆದರೆ ಅವಳಿಗೋಸ್ಕರ ಒರೆಸಿದ ಹಾಗೆ ಕಾಣಬಾರದು. ಬೆಳಗ್ಗೆ ಎದ್ದಾಗಿನಿಂದ ತಂಗಿಯ ತಲೆಯನ್ನು ಇದೊಂದೇ ಕೊರೆಯುತ್ತಿತ್ತು. ನೆಲ ಒದ್ದೆ ಇದ್ದರೆ ‘ನಾನು ಬರ್ತೀನಿ ಅಂತ ಒರೆಸಿದ್ಯಾ’ ಎನ್ನುತ್ತಾಳೆ. ಒರೆಸದೆ ಇದ್ದರೆ ಏನೂ ಎನ್ನುವುದಿಲ್ಲ, ಬಚ್ಚಲಿಗೆ ಹೋಗಿ ತಾನೇ ಬಟ್ಟೆ ಹಿಂಡಿಕೊಂಡು ಬರುತ್ತಾಳೆ, ಅದು ಇನ್ನೂ ಕೆಟ್ಟದ್ದು. ಹೀಗಾಗಿ ನೆಲ ಒರೆಸಿ, ಫ್ಯಾನು ಜೋರಾಗಿ ಹಾಕಿ, ಕಿಟಕಿಗಳನ್ನೆಲ್ಲ ತೆರೆದು, ಒಣಗಿದ ಮೇಲೆ ಮೂಲೆಯಲ್ಲೊಂದು ಹಳೆಯ ದಿನಪತ್ರಿಕೆಯನ್ನು ಬಿಸಾಡಿ, ಅದು ತಾನಾಗಿ ಬಿದ್ದ ಹಾಗೆ ಕಾಣುತ್ತದೆಯೇ ಎಂದು ಬಾಗಿಲ ಹತ್ತಿರ ನಿಂತು ಅಕ್ಕನ ಕಣ್ಣಿನಿಂದ ನೋಡಿದಳು. ಕಾಣಲಿಲ್ಲ. ಯಾರೋ ಬೇಕೆಂದೇ ಬಿಸಾಡಿದ ಹಾಗೆ ಕಂಡಿತು. ಎತ್ತಿ ಮಡಚಿದಳು, ಮಡಚಿದ್ದು ಅತಿಯಾಯಿತೆನ್ನಿಸಿ ಒಂದು ಹಾಳೆಯನ್ನು ಸ್ವಲ್ಪ ಹೊರಗೆಳೆದು ಇಟ್ಟಳು. ಐವತ್ತು ದಾಟಿದ ಹೆಂಗಸು, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿಗೆ ಕೂತು, ಕೆನ್ನೆ ಊದಿಸಿಕೊಂಡು ಬರುವ ಎಂಥೆಂಥ ದೊಡ್ಡ ಮನುಷ್ಯರನ್ನೂ ‘ಏನೂ ಆಗಲ್ಲ, ಕೂತ್ಕೊಳ್ಳಿ’ ಎಂದು ಒಂದೇ ಮಾತಿನಲ್ಲಿ ಕೂರಿಸುವವಳು, ಸ್ವಂತ ಮನೆಯಲ್ಲಿ ಒಂದು ದಿನಪತ್ರಿಕೆ ಎಲ್ಲಿ ಬೀಳಬೇಕೆಂದು ಅರ್ಧ ಬೆಳಗು ಕಳೆದಿದ್ದಳು. ಡಾಕ್ಟರು ಊರಿನಲ್ಲಿ ಇಲ್ಲದ್ದರಿಂದ ಇವತ್ತು ಅವಳಿಗೆ ರಜೆ.

ಮಾಡಬೇಕಾದ ಕೆಲಸ ಇಷ್ಟೇ. ಕೌದಿಯ ಮೂರು ಪದರಗಳನ್ನು ಒಂದರ ಮೇಲೊಂದು ಹಾಸಿ, ಸುಕ್ಕಿಲ್ಲದ ಹಾಗೆ ಸವರಿ, ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಒಟ್ಟಿಗೆ ಹಿಡಿದು ನಿಲ್ಲಿಸುವುದು. ಆಮೇಲೆ ಮಿಷನ್ನಿನಲ್ಲಿ ಪಕ್ಕಾ ಹೊಲಿಗೆ ಬಿದ್ದ ಮೇಲೆ ಈ ಕಚ್ಚಾ ದಾರವನ್ನೆಲ್ಲ ಎಳೆದು ಬಿಸಾಡುವುದೇ. ಬಿಸಾಡುವ ಹೊಲಿಗೆಗೆ ಇಷ್ಟೊಂದು ಒದ್ದಾಟವೇ ಎಂದರೆ, ಹೌದು. ಅದು ಸಡಿಲಾದರೆ ಮಿಷನ್ನಿನ ಸೂಜಿಯ ಕೆಳಗೆ ಪದರಗಳು ಜರುಗುತ್ತವೆ. ಮೇಲಿನಿಂದ ನೋಡಿದರೆ ಎಲ್ಲ ಚೆಂದ, ತಿರುಗಿಸಿ ನೋಡಿದರೆ ಅಡಿಬಟ್ಟೆ ಜಾಗಜಾಗದಲ್ಲಿ ನೆರಿಗೆ ಕಟ್ಟಿಕೊಂಡು, ಇನ್ನು ಬಿಚ್ಚಲೂ ಆಗದೆ ಇಡಲೂ ಆಗದೆ ಕೂತಿರುತ್ತದೆ. ಅಡಿಬಟ್ಟೆ ತೊಳೆದು ಇಸ್ತ್ರಿಯಾಗಿ ಸೋಫಾದ ಬೆನ್ನಿಗೆ ತೂಗುಬಿದ್ದಿತ್ತು. ಹತ್ತಿಯ ಹಾಸು ನಿನ್ನೆಯೇ ಸುರುಳಿ ಬಿಚ್ಚಿ ಮಂಚದ ಮೇಲೆ ಮಲಗಿಸಿದ್ದರಿಂದ ಮಡಿಕೆಯೆಲ್ಲ ಹೋಗಿ ಚಪ್ಪಟೆಯಾಗಿತ್ತು, ತಂಗಿ ಮಾತ್ರ ಸೋಫಾದಲ್ಲಿ ಮಲಗಿ ಸೊಂಟ ಹಿಡಿಸಿಕೊಂಡಿದ್ದಳು. ಮೇಲ್ಬಟ್ಟೆಯನ್ನು ಸಂಜೆ ಸಂಜೆ ಕೂತು ತುಂಡಿಗೆ ತುಂಡು ಜೋಡಿಸಿ ಅವಳೇ ಮಾಡಿದ್ದು. ಅಕ್ಕನ ಮಗಳು ಬೇರೆ ಮನೆ ಮಾಡುತ್ತಿದ್ದಳು, ಅವಳಿಗೆ ಚಿಕ್ಕಮ್ಮನ ಉಡುಗೊರೆ. ಚೌಕಗಳ ಮೂಲೆಗಳು ಕೆಲವು ಕಡೆ ಸರಿಯಾಗಿ ಸೇರಿದ್ದವು, ಕೆಲವು ಕಡೆ ಮಾತು ಬಿಟ್ಟ ನೆಂಟರ ಹಾಗೆ ಸ್ವಲ್ಪ ದೂರ ನಿಂತಿದ್ದವು. ಸಾಸಿವೆ ಹಳದಿಯ ಪಕ್ಕಕ್ಕೆ ಕಂದು ಬಂದದ್ದು ಅಂದಕ್ಕಲ್ಲ, ಆ ಸಂಜೆ ನೀಲಿ ಮುಗಿದುಹೋಗಿತ್ತು. ಆದರೂ ಅದು ಅವಳದ್ದು. ಹೊಲಿಗೆ ಎಂದು ಕೈಯಲ್ಲಿ ಹಿಡಿದದ್ದು ಯಾವುದೂ ಇಲ್ಲಿಯ ತನಕ ಪೂರ್ತಿ ಅವಳದ್ದಾಗಿ ಉಳಿದಿರಲಿಲ್ಲ. ಇದೊಂದನ್ನು ಕೊನೆಯ ಅಂಚಿನವರೆಗೂ ತಾನೇ, ಈ ಮನೆಯಲ್ಲೇ, ತನ್ನ ಮಿಷನ್ನಿನಲ್ಲೇ ಹೊಲಿದು ಮುಗಿಸಬೇಕೆಂದು ಆಸೆಪಟ್ಟಿದ್ದಳು. ಆಸೆ ಎಂದರೆ ಕಡಿಮೆಯಾಯಿತು, ಹಟ ಹಿಡಿದಿದ್ದಳು. ಆದರೆ ಮೂರು ಪದರ ಹಾಸುವುದಕ್ಕೆ ಒಬ್ಬರ ಕೈ ಸಾಲದು, ಆಚೆ ತುದಿ ಹಿಡಿದರೆ ಈಚೆ ತುದಿ ಜಾರುತ್ತದೆ. ಫೋನಿನಲ್ಲಿ ಬಾಯಿ ತಪ್ಪಿ ಹಾಗೆಂದದ್ದೇ ತಪ್ಪಾಯಿತು. ‘ನಾನು ಬರ್ತೀನಿ ಬಿಡು ಮರಿ’ ಎಂದಿದ್ದಳು ಅಕ್ಕ, ಎಂದೂ ಇಲ್ಲದ ಅವಸರದಲ್ಲಿ.

ತಲೆ ನರೆತರೂ ಅಕ್ಕನಿಗೆ ಅವಳು ಮರಿಯೇ. ಶಾಲೆಯಲ್ಲಿ ಕರವಸ್ತ್ರದ ಅಂಚು ಮಡಚಿ ಹೊಲಿದುಕೊಂಡು ಬನ್ನಿ ಎಂದಿದ್ದರು. ನಾಲಿಗೆ ಕಚ್ಚಿಕೊಂಡು, ಬೆರಳು ಚುಚ್ಚಿಕೊಂಡು ಹೊಲಿದು, ದಿಂಬಿನ ಕೆಳಗಿಟ್ಟು ಮಲಗಿ, ಬೆಳಗ್ಗೆ ತೆಗೆದು ನೋಡಿದರೆ ಹೊಲಿಗೆಗಳೆಲ್ಲ ಇರುವೆ ಸಾಲಿನ ಹಾಗೆ ನೆಟ್ಟಗಾಗಿದ್ದವು. ಅಕ್ಕ ಎದುರಿಗೆ ಕೂತು ಜಡೆ ಹೆಣೆದುಕೊಳ್ಳುತ್ತ ಏನೂ ಗೊತ್ತಿಲ್ಲದ ಮುಖ ಮಾಡಿದ್ದಳು. ಆ ಮುಖದಲ್ಲಿ ಉಪಕಾರ ಮಾಡಿದವರ ದಣಿವು ಬೇರೆ ಇತ್ತು. ಟೀಚರು ಅದನ್ನು ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗಿಟ್ಟು ಕೆಳಗೆ ತಂಗಿಯ ಹೆಸರು ಬರೆದರು. ನೋಡಲು ಬಂದ ಅಮ್ಮ ಗಾಜಿಗೆ ಮೂಗು ತಾಗಿಸಿ, ಪಕ್ಕದವರಿಗೆಲ್ಲ ಕೇಳುವ ಹಾಗೆ ‘ಇದು ನಮ್ಮ ದೊಡ್ಡವಳ ಕೈ’ ಎಂದಳು. ಪಕ್ಕದವರು ತಂಗಿಯನ್ನು ನೋಡಿದರು. ಅವಳು ಗಾಜಿನೊಳಗೆ ತನ್ನ ಹೆಸರನ್ನು ನೋಡಿದಳು, ಅದು ಬೇರೆ ಯಾರದೋ ಮನೆಯ ಬಾಗಿಲಿನ ಮೇಲಿರುವ ಹೆಸರಿನ ಹಾಗೆ ಕಂಡಿತು. ನಾಚಿಕೆಯಾದದ್ದು ಅಮ್ಮನ ಮಾತಿಗಲ್ಲ, ಅದು ಸುಳ್ಳು ಎನ್ನಲು ಬಾಯಿ ಬರದೆ ಹೋದದ್ದಕ್ಕೆ. ಈಗ ಬಾಗಿಲು ತೆರೆದವಳು ಅದನ್ನೇ ನೆನೆಯುತ್ತ ನಿಂತುಬಿಟ್ಟಿದ್ದಳು. ‘ಏನು, ಹೊಸ್ತಿಲಲ್ಲೇ ನಿಲ್ಲಿಸಿಬಿಟ್ಯಲ್ಲ’ ಎಂದಳು ಅಕ್ಕ, ಹೊಸ ಸ್ಕರ್ಟು ಹಾಕಿಕೊಂಡು ಬಂದು ನಿಂತಿದ್ದಳು. ದಟ್ಟ ಹಸಿರು, ಪಾದದವರೆಗೆ ಉದ್ದ, ಇನ್ನೊಬ್ಬರು ಒಳಗೆ ಕೂರುವಷ್ಟು ಅಗಲ.

ಹಿಂದೆ ಭಾವ. ನಿವೃತ್ತರಾದ ಮೇಲೆ ಹೆಂಡತಿಯನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದು, ಹೋದಲ್ಲಿ ಕೂರಲು ಜಾಗ ಸಿಗದೆ ಸುಮ್ಮನೆ ನಿಂತಿರುವುದು, ಇವೆರಡನ್ನೂ ಅವರು ಒಂದು ಉದ್ಯೋಗದ ಹಾಗೆ ನಿಷ್ಠೆಯಿಂದ ಮಾಡುತ್ತಿದ್ದರು. ಅಕ್ಕ ಒಳಗೆ ಕಾಲಿಟ್ಟವಳೇ ಚಪ್ಪಲಿ ಬಿಟ್ಟು ಹೆಬ್ಬೆರಳಿನಿಂದ ನೆಲ ಮುಟ್ಟಿ ನೋಡಿದಳು. ‘ಒರೆಸಿದ್ಯಾ?’ ‘ದಿನಾ ಒರೆಸ್ತೀನಲ್ಲ ಅಕ್ಕ’ ಎಂದಳು ತಂಗಿ. ಅಕ್ಕನ ಕಣ್ಣು ಮೂಲೆಯ ದಿನಪತ್ರಿಕೆಯ ಮೇಲೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ಏನೂ ಹೇಳದೆ ವಾಪಸು ಬಂತು. ಆಮೇಲೆ ಮೇಲ್ಬಟ್ಟೆ. ತಂಗಿ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಅದರ ಹಿಂದೆ ಮುಖ ಮರೆಸಿಕೊಂಡು ನಿಂತಳು. ಬಟ್ಟೆಯ ಆಚೆ ಭಾವ ಒಮ್ಮೆ ಕೆಮ್ಮಿದರು. ‘ಚೆನ್ನಾಗಿದೆ’ ಎಂದಳು ಅಕ್ಕ ಕೊನೆಗೆ. ಆ ಚೆನ್ನಾಗಿದೆಯನ್ನು ತಂಗಿ ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡಿದಳು. ಮಗು ಬರೆದ ಆನೆಗೆ ಹೇಳುವ ಚೆನ್ನಾಗಿದೆಯಾಗಿರಲಿಲ್ಲ, ಉಪ್ಪು ಕಮ್ಮಿಯಾದ ಸಾರಿಗೆ ಹೇಳುವುದೂ ಅಲ್ಲ. ಎಲ್ಲೋ ಕಷ್ಟಪಟ್ಟು ಗಂಟಲಿನಿಂದ ಹೊರಗೆ ತೆಗೆದ ಹಾಗಿತ್ತು. ಸುಳ್ಳು ಹೇಳುವುದು ಅಕ್ಕನಿಗೆ ಅಷ್ಟು ಕಷ್ಟವಾಗಿರಬೇಕು ಎಂದುಕೊಂಡಳು, ಮುಖ ಕೆಂಪಾಯಿತು.

‘ಮಿಷನ್ನಿಗೆ ಮಾತ್ರ ನಮ್ಮನೇಲೇ ಹಾಕೋಣ’ ಎಂದಳು ಅಕ್ಕ. ‘ನಿನ್ನ ಮಿಷನ್ನಿನ ತೋಳಿನ ಕೆಳಗೆ ಇಷ್ಟು ದಪ್ಪ ಸುರುಳಿ ತೂರಲ್ಲ. ಕಚ್ಚಾ ಹೊಲಿಗೆ ಆಗ್ತಿದ್ದ ಹಾಗೆ ಸುತ್ತಿಬಿಟ್ರೆ ಇವರು ಕಾರಲ್ಲಿ ಇಡ್ತಾರೆ.’

‘ತೂರುತ್ತೆ ಅಕ್ಕ. ಕಂಬಳಿ ಸುತ್ತಿ ತೂರಿಸಿ ನೋಡಿದೀನಿ.’

‘ಕಂಬಳಿ ಬೇರೆ, ಇದು ಬೇರೆ. ನೋಡೋಣ. ಹಾಸಿದ್ದು, ಹೊಲಿದಿದ್ದು ಎಷ್ಟು ಸರಿ ಬರುತ್ತೋ ನೋಡಿ ಹೇಳ್ತೀನಿ.’

ಅಲ್ಲಿಗೆ ವಿಷಯ ಇತ್ಯರ್ಥವಾಯಿತು. ಇವತ್ತು ತಪ್ಪೇನೂ ಸಿಗದಿದ್ದರೆ ಕೌದಿ ಈ ಮನೆಯಲ್ಲಿ ಉಳಿಯುತ್ತದೆ, ಒಂದು ಸುಕ್ಕು ಸಿಕ್ಕಿದರೂ ಕಾರು ಹತ್ತಿ ಹೋಗುತ್ತದೆ. ಹೋದದ್ದು ವಾಪಸು ಬರುವಾಗ ಇರುವೆ ಸಾಲಿನ ಹೊಲಿಗೆ ಹೊತ್ತುಕೊಂಡು, ಅಕ್ಕನ ಕೌದಿಯಾಗಿ ಬರುತ್ತದೆ. ಮಿಷನ್ನಿಗೆ ಬೇಕಾದ ಬೂದು ಬಣ್ಣದ ದಾರ ತರಲು ಭಾವನನ್ನು ಕಳಿಸಿದ್ದಾಯಿತು. ಅವರು ‘ಯಾವ ಬೂದು’ ಎಂದು ಕೇಳಿ, ಇಬ್ಬರಿಂದಲೂ ಬೇರೆ ಬೇರೆ ಉತ್ತರ ಪಡೆದು, ಸಂತೋಷವಾಗಿ ಹೊರಟುಹೋದರು. ಅಕ್ಕತಂಗಿಯರು ಸೋಫಾವನ್ನು ಗೋಡೆಗೆ ನೂಕಿ, ಸ್ಕರ್ಟು ಪೈಜಾಮ ಎತ್ತಿಕೊಂಡು ನೆಲಕ್ಕೆ ಮಂಡಿಯೂರಿದರು.

ಅಡಿಬಟ್ಟೆಯನ್ನು ಮಗುಚಿ ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿದರು. ಬಿಗಿಯಾಗಬೇಕು, ಎಳೆದು ಕಟ್ಟಿದ ಹಾಗೆ ಆಗಬಾರದು. ಎಳೆದು ಅಂಟಿಸಿದರೆ ಟೇಪು ಕಿತ್ತ ಕೂಡಲೇ ಬಟ್ಟೆ ಸೇಡು ತೀರಿಸಿಕೊಂಡ ಹಾಗೆ ಮುದುಡಿಕೊಳ್ಳುತ್ತದೆ. ಇದನ್ನು ತಂಗಿ ತಾನೇ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಹೇಳಿದಳು. ಅದರ ಮೇಲೆ ಹತ್ತಿ, ಹತ್ತಿಯ ಮೇಲೆ ಮೇಲ್ಬಟ್ಟೆ. ಆಮೇಲೆ ಸವರುವುದು. ನಡುವಿನಿಂದ ಶುರುಮಾಡಿ ಅಂಚಿಗೆ, ಅಂಗೈ ಚಪ್ಪಟೆಯಿಟ್ಟು, ಜ್ವರ ಬಂದವರ ಬೆನ್ನು ಸವರುವ ಹಾಗೆ ಮೆಲ್ಲಗೆ. ಇಬ್ಬರು ವಯಸ್ಸಾದ ಹೆಂಗಸರು ನಾಲ್ಕು ಕಾಲಿನ ಮೇಲೆ ಎದುರುಬದುರಾಗಿ ನಿಂತು ಬಟ್ಟೆ ಸವರುತ್ತ ಹಿಂದಕ್ಕೆ ಹಿಂದಕ್ಕೆ ಸರಿಯುವುದನ್ನು ಎದುರು ಮನೆಯ ಕಿಟಕಿಯಿಂದ ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ತಂಗಿಗೆ ಅನ್ನಿಸಿತು. ನಗು ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡಳು. ಅಕ್ಕ ಕೌದಿಯ ಮೇಲೆ ಕೆನ್ನೆ ತಾಗುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ, ಬೆಳಕಿಗೆ ಅಡ್ಡಲಾಗಿ ಸುಕ್ಕು ಹುಡುಕುತ್ತಿದ್ದಳು. ಹುಡುಕಿದ ಹೊತ್ತು ನೋಡಿದರೆ ಸಿಕ್ಕಲೇಬೇಕೆಂಬ ಆಸೆಯಿದ್ದ ಹಾಗಿತ್ತು. ಸಿಕ್ಕಲಿಲ್ಲ. ‘ಸರಿ ಇದೆ’ ಎಂದಳು, ಸ್ವಲ್ಪ ಬೇಜಾರಿನಲ್ಲೇ.

ಹೊಲಿಗೆ ಶುರುವಾಯಿತು. ನಡುವಿನ ಗೆರೆಯಿಂದ ಅಕ್ಕ ಕಿಟಕಿಯ ಕಡೆಗೆ, ತಂಗಿ ಅಡುಗೆಮನೆಯ ಕಡೆಗೆ, ಒಂದೊಂದೇ ಸಾಲು ಹೊಲಿದು ಅಂಚಿನತ್ತ ಸರಿಯುವುದು. ಬಿಳಿ ದಾರ, ಬೆರಳುದ್ದದ ಹೊಲಿಗೆ, ಸೂಜಿ ಮೂರೂ ಪದರ ದಾಟಿ ನೆಲಕ್ಕೆ ತಾಗಿ ಕರ್ ಎಂದಾಗ ತಿರುಗಿ ಮೇಲೆ ಬರಬೇಕು. ಆ ಕರ್ ಸದ್ದು ಎರಡು ಕಡೆಯಿಂದಲೂ ಬರುತ್ತಿತ್ತು. ಅಕ್ಕನ ಕಡೆಯದು ಗಡಿಯಾರದ ಹಾಗೆ, ತಂಗಿಯ ಕಡೆಯದು ಸಂಶಯ ಇರುವವರು ಬಾಗಿಲು ತಟ್ಟಿದ ಹಾಗೆ. ಕ್ಲಿನಿಕ್ಕಿನಲ್ಲಿ ಒಳಗಿನಿಂದ ಹಲ್ಲು ಕೊರೆಯುವ ಸದ್ದು ಬಂದಾಗ ಹೊರಗೆ ಕಾಯುವವರು ತನ್ನ ಮುಖವನ್ನೇ ನೋಡುತ್ತಾರೆ, ತಾನು ಹೆದರದಿದ್ದರೆ ಅವರೂ ಹೆದರುವುದಿಲ್ಲ. ತಾನು ಯಾರ ಮುಖ ನೋಡಬೇಕು. ಮಂಡಿ ನೋಯತೊಡಗಿತು. ಅಕ್ಕ ಮಂಡಿ ನೋವೆನ್ನುವ ತನಕ ತಾನೂ ಎನ್ನಬಾರದೆಂದು ಒಂದು ಸಾಲು ತಡೆದಳು, ಇನ್ನೊಂದು ಸಾಲು ತಡೆದಳು. ಆಮೇಲೆ ಅಕ್ಕನಿಗೆ ಕಾಣದ ಹಾಗೆ ಮೆಲ್ಲಗೆ ಮಡಚಿದ್ದ ಒಂದು ಕಾಲನ್ನು ಬಿಡಿಸಿ ಕೌದಿಯ ಮೇಲೆಯೇ ಪಕ್ಕಕ್ಕೆ ಚಾಚಿದಳು. ಕಾಲು ಜೋಮು ಹಿಡಿದು, ಅದು ತನ್ನದೇ ಎಂದು ನಂಬುವುದೂ ಕಷ್ಟವಾಗಿತ್ತು. ಆ ಕಂದು ಚೌಕಗಳ ಸಾಲನ್ನು ಹೊಲಿಯುತ್ತ, ಈ ಸಾಲು ಸೊಟ್ಟಗಾಯಿತೇ, ಅಕ್ಕ ನೋಡುತ್ತಿದ್ದಾಳೆಯೇ ಎಂದು ಒಮ್ಮೆ ತಲೆಯೆತ್ತಿದಳು. ಅಕ್ಕ ನೋಡುತ್ತಿದ್ದಳು. ತಕ್ಷಣ ಕಣ್ಣು ತಗ್ಗಿಸಿ ಹೊಲಿಯತೊಡಗಿದಳು. ತುಟಿಯ ಮೂಲೆಯಲ್ಲಿ ಏನೋ ಇತ್ತು. ಸೊಟ್ಟಗಾಗಿದೆ ಎಂದು ತಂಗಿಗೆ ಖಾತ್ರಿಯಾಯಿತು.

ಮತ್ತೆ ತಲೆಯೆತ್ತಿದಾಗ ಅವಳು ಕಂಡದ್ದು ಬೇರೆ. ಅಕ್ಕನ ಸೂಜಿ ಕಟ್ಟಕಡೆಯ ಸಾಲಿಗೆ ಬಂದಿತ್ತು. ಅವಳು ಅಂಚಿನಲ್ಲಿ ಗಟ್ಟಿಯಾಗಿ ಕೂತಿದ್ದಳು, ಹೊಸ ಸ್ಕರ್ಟು ಅವಳ ಸುತ್ತ ಕೆರೆಯ ಹಾಗೆ ಹರಡಿಕೊಂಡು ಅದರ ಅಂಚು ಕೌದಿಯ ಮೇಲೆ ಚೆಲ್ಲಿತ್ತು. ಸೂಜಿ ಸ್ಕರ್ಟಿನ ಮೇಲೆ ಇಳಿಯಿತು. ಕರ್ ಎಂದಿತು. ಮೇಲೆ ಬಂತು. ಹಸಿರು ಬಟ್ಟೆಯ ಮೇಲೆ ಒಂದು ಬಿಳಿ ಹೊಲಿಗೆ, ಸ್ವಲ್ಪ ಮುಂದೆ ಇನ್ನೊಂದು. ತಂಗಿ ಮೊದಲು ತನ್ನ ಕಣ್ಣನ್ನು ನಂಬಲಿಲ್ಲ. ಅಕ್ಕ ತಪ್ಪು ಮಾಡುವುದು ಅವಳು ಹುಟ್ಟಿದಾಗಿನಿಂದ ನೋಡಿದ ಸಂಗತಿಯಲ್ಲ. ಆಮೇಲೆ ಒಳಗಿನಿಂದ ಏನೋ ಬೆಚ್ಚಗೆ, ಹಾಯಾಗಿ, ನಾಚಿಕೆಗೇಡಿಯಾಗಿ ಮೇಲೆದ್ದು ಬಂತು. ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು. ತುಟಿಪಿಟಿಕ್ಕೆನ್ನಲಿಲ್ಲ. ಸಾಲು ಮುಗಿಯಲಿ, ನಡುವೆ ನಿಲ್ಲಿಸಿದರೆ ದಾರ ಸಡಿಲಾಗುತ್ತದೆ ಎಂದು ಮನಸ್ಸು ಒಂದು ನೆಪ ಕೊಟ್ಟಿತು. ಹೇಳಿದರೆ ನೀನು ದಿಟ್ಟಿಸಿದ್ದಕ್ಕೇ ಹೀಗಾಯಿತು ಎನ್ನುತ್ತಾಳೆ ಎಂದು ಇನ್ನೊಂದು ಕೊಟ್ಟಿತು. ಮೂರನೆಯದನ್ನು ಕೇಳುವ ಮೊದಲೇ ಅವಳು ಒಪ್ಪಿಕೊಂಡಿದ್ದಳು.

ಬೀದಿಯಲ್ಲಿ ಗುರುತಿಲ್ಲದವರ ಬೆನ್ನ ಮೇಲೆ ಅಂಗಿಯ ಬೆಲೆಚೀಟಿ ಹಾಗೇ ತೂಗುತ್ತಿದ್ದರೆ ಓಡಿಹೋಗಿ ಹೇಳಿಬಂದವಳು ಅವಳು. ಹಲ್ಲಿಗೆ ಸೊಪ್ಪು ಸಿಕ್ಕಿಸಿಕೊಂಡು ನಗುವವರಿಗೆ ಕನ್ನಡಿ ಹಿಡಿದವಳು. ಒಮ್ಮೆ ಒಬ್ಬ ಅಧಿಕಾರಿ ಅಂಗಿ ತಿರುವುಮುರುವಾಗಿ ಹಾಕಿಕೊಂಡು ಬಂದಾಗ, ಹಲ್ಲು ಕೀಳಿಸಿಕೊಂಡು ಬಾಯಿ ಮರಗಟ್ಟಿದ ಮೇಲೆ ಹೇಳಿದರೆ ತಿರುಗಿ ಏನೂ ಅನ್ನಲಾರ ಎಂದು ಕಾದು, ಆಮೇಲೆ ಹೇಳಿದ್ದಳು. ಅಂಥವಳು ಒಡಹುಟ್ಟಿದ ಅಕ್ಕ ತನ್ನ ಸ್ಕರ್ಟನ್ನು ತಾನೇ ಕೌದಿಗೆ ಹೊಲಿದುಕೊಳ್ಳುವುದನ್ನು ಹಾಲು ಕುಡಿದ ಬೆಕ್ಕಿನ ಹಾಗೆ ನೋಡುತ್ತ ಕೂತಿದ್ದಾಳೆ. ಎಂಥ ನೀಚ ಮನಸ್ಸು ತನ್ನದು ಎಂದುಕೊಂಡಳು. ನಿಜವಾಗಿಯೂ ಬೇಸರವಾಯಿತು. ಆ ಬೇಸರದಲ್ಲೇ, ಅಕ್ಕನ ಮುಂದಿನ ಹೊಲಿಗೆ ಎಲ್ಲಿ ಬೀಳುತ್ತದೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅದೂ ಹಸಿರಿನ ಮೇಲೆಯೇ ಬಿತ್ತು. ತಂಗಿಯ ಕೈ ತನ್ನಷ್ಟಕ್ಕೆ ತಾನು ಹೊಲಿಯುತ್ತಲೇ ಇತ್ತು. ಇಷ್ಟು ನಿರಾಳವಾಗಿ ಅವಳು ಯಾವತ್ತೂ ಹೊಲಿದಿರಲಿಲ್ಲ, ಸೂಜಿ ಬೆಣ್ಣೆಯೊಳಗೆ ಹೋದ ಹಾಗೆ ಹೋಗುತ್ತಿತ್ತು. ಏಳುವಾಗ ಗೊತ್ತಾಗುತ್ತದೆ. ಕೌದಿ ಪೂರ್ತಿ ಎದ್ದು ಅವಳ ಹಿಂದೆ ಹೋಗುತ್ತದೆ. ಆಗ ತಾನು ‘ಅಯ್ಯೋ, ನೋಡ್ಲೇ ಇಲ್ಲವಲ್ಲ ಅಕ್ಕ’ ಎನ್ನಬೇಕು. ಎಷ್ಟು ಮೆತ್ತಗೆ ಎನ್ನಬೇಕೆಂದು ಮನಸ್ಸಿನಲ್ಲೇ ಎರಡು ಮೂರು ರೀತಿ ಹೇಳಿಕೊಂಡಳು. ಇನ್ನು ಇದನ್ನು ನಮ್ಮ ಮನೆಗೆ ಒಯ್ಯುತ್ತೇನೆ ಎಂದು ಅಕ್ಕ ಯಾವ ಬಾಯಲ್ಲಿ ಹೇಳುತ್ತಾಳೆ.

‘ನೀರು ಬೇಕಿತ್ತು’ ಎಂದಳು ಅಕ್ಕ, ಏಳುವವಳ ಹಾಗೆ ಕೈಯೂರಿ.

ಬೀಳುತ್ತಾಳೆ. ಮಂಡಿ ಮೊದಲೇ ಸರಿಯಿಲ್ಲ. ಸ್ಕರ್ಟು ಎಳೆದು ಬೋರಲಾಗಿ ಬೀಳುತ್ತಾಳೆ. ತಂಗಿ ಕೈ ಅಡ್ಡ ಚಾಚಿದಳು. ‘ಏಳಬೇಡ, ಕೂತಿರು’ ಎಂದಳು. ‘ನಾನು ತಂದ್ಕೊಡ್ತೀನಿ.’

‘ಬೇಡ ಬೇಡ’ ಎಂದಳು ಅಕ್ಕ ಗಾಬರಿಯಲ್ಲಿ. ‘ನೀನು ಏಳಬೇಡ. ಬಾಯಾರಿಕೆ ಏನಿಲ್ಲ ನಂಗೆ.’

‘ಈಗ ತಾನೇ ಬೇಕು ಅಂದ್ಯಲ್ಲ.’

‘ಹೋಯ್ತು. ಕಾಲು ಜೋಮು ಹಿಡಿದಿದ್ರೆ ಹಾಗೇ ಚಾಚಿಕೊಂಡಿರು. ಎಳ್ಕೋಬೇಡ. ಆರಾಮವಾಗಿ ಕೂತ್ಕೊ ಮರಿ.’

ಅಕ್ಕನ ದನಿಯಲ್ಲಿ ಇಷ್ಟು ಅಕ್ಕರೆ ತಂಗಿ ಕೇಳಿ ಎಷ್ಟು ವರ್ಷವಾಯಿತೋ. ನೀಚತನದ ಮೇಲೆ ಈಗ ನಾಚಿಕೆಯೂ ಸೇರಿತು. ಕಾಲು ಜೋಮು ಹಿಡಿದದ್ದನ್ನು ಗಮನಿಸಿದ್ದಾಳೆ, ನೀರು ಕೂಡ ಬೇಡ ಎನ್ನುತ್ತಾಳೆ. ಅಂಥ ಅಕ್ಕನಿಗೆ ತಾನು ಹೀಗೆ ಮಾಡಬಹುದೇ. ‘ದಿಂಬು ಕೊಡ್ಲಾ ಬೆನ್ನಿಗೆ?’ ಎಂದಳು. ‘ನಿಂಗೆ ಬೇಕಾ ದಿಂಬು?’ ಎಂದಳು ಅಕ್ಕ. ದಿಂಬು ಇಬ್ಬರಿಗೂ ಎಟುಕದಷ್ಟು ದೂರದಲ್ಲಿ ಸೋಫಾದ ಮೇಲಿತ್ತು. ಇಬ್ಬರೂ ಅದನ್ನು ನೋಡಿದರು, ಯಾರೂ ಏಳಲಿಲ್ಲ. ಹೊಲಿಯಲು ಇನ್ನು ಏನೂ ಉಳಿದಿರಲಿಲ್ಲ. ಇಬ್ಬರೂ ಸೂಜಿ ಹಿಡಿದುಕೊಂಡು, ಕೆಲಸ ಇದ್ದವರ ಹಾಗೆ ಕೌದಿ ನೋಡುತ್ತ ಕೂತರು. ಇದೊಳ್ಳೆ ಗ್ರಹಚಾರವಾಯಿತಲ್ಲ, ಹೇಗೆ ಶುರುಮಾಡುವುದು, ಅಕ್ಕ ಒಂದು ಮಾತು ಎಂದು ಶುರುಮಾಡುವುದೇ ಎಂದು ತಂಗಿ ಯೋಚಿಸುತ್ತಿದ್ದಾಗ ಕರೆಗಂಟೆ ಬಾರಿಸಿತು.

ಭಾವ. ದಾರ ತಂದಿದ್ದಾರೆ. ಗಂಟೆ ಇನ್ನೊಮ್ಮೆ ಬಾರಿಸಿತು. ‘ನಾನು ತೆಗೀತೀನಿ’ ಎಂದು ಇಬ್ಬರೂ ಒಟ್ಟಿಗೆ ಹೇಳಿ, ‘ನೀನು ಏಳಬೇಡ’ ಎಂದೂ ಒಟ್ಟಿಗೆ ಹೇಳಿ, ಇಬ್ಬರೂ ಒಟ್ಟಿಗೆ ಎದ್ದರು. ಅಂದರೆ ಎದ್ದೆವು ಎಂದುಕೊಂಡರು. ಅಂಚಿನ ಟೇಪು ಪಟಪಟ ಕಿತ್ತುಬಂತು, ಕೌದಿಯ ನಡುಭಾಗ ನೆಲ ಬಿಟ್ಟು ಮೇಲೆದ್ದು ಇಬ್ಬರ ನಡುವೆ ಬಿಗಿಯಾಗಿ ನಿಂತಿತು, ಅಕ್ಕ ಕೂತಲ್ಲಿಗೇ ದೊಪ್ಪನೆ ಕೂತಳು. ತಂಗಿಯ ಒಂದು ಕಾಲು ಎದ್ದಿತು, ಇನ್ನೊಂದು ಬರಲಿಲ್ಲ. ಜೋಮು ಎಂದುಕೊಂಡಳು. ಮತ್ತೆ ಎಳೆದಳು. ಕಾಲಿಗೆ ಜೋಮು ಹಿಡಿಯುವುದು ಸರಿ, ಪೈಜಾಮಕ್ಕೂ ಹಿಡಿಯುತ್ತದೆಯೇ ಎಂದು ಬಗ್ಗಿ ನೋಡಿದಳು. ಪೈಜಾಮದ ಅಗಲವಾದ ಕಾಲಿನ ಉದ್ದಕ್ಕೂ, ಪಾದದಿಂದ ಮಂಡಿಯ ಹತ್ತಿರದವರೆಗೆ, ಬಿಳಿ ಹೊಲಿಗೆಗಳು ಒಂದರ ಹಿಂದೊಂದು ಶಿಸ್ತಾಗಿ ಹೋಗಿದ್ದವು. ಕೆಳಗಿನವು ಸ್ವಲ್ಪ ಸೊಟ್ಟ. ಮೇಲಿನವು, ಅಕ್ಕನ ಸ್ಕರ್ಟು ನೋಡುತ್ತ ನಿರಾಳವಾಗಿ ಹಾಕಿದವು, ಬಹಳ ಚೆನ್ನಾಗಿ ಬಂದಿದ್ದವು.

ತಂಗಿ ಅಕ್ಕನನ್ನು ನೋಡಿದಳು. ಅಕ್ಕ ತನ್ನ ಸ್ಕರ್ಟಿನ ಅಂಚನ್ನು ಬೆರಳಿನಲ್ಲಿ ಹಿಡಿದು, ಅದರಲ್ಲಿ ಯಾರೋ ಬರೆದದ್ದನ್ನು ಓದುವವಳ ಹಾಗೆ ನೋಡುತ್ತಿದ್ದಳು.

‘ನಂದು ನೀನು ನೋಡಿದ್ಯಾ?’ ಎಂದಳು ಅಕ್ಕ.

ಹೊರಗೆ ಗಂಟೆ ಬಾರಿಸಿತು.

‘ನೋಡಿದ್ದೆ’ ಎಂದಳು ತಂಗಿ. ‘ಹೇಳೋಣ ಅಂತಾನೇ ಇದ್ದೆ. ನಿನ್ನ ಸಾಲು ಮುಗೀಲಿ ಅಂತ.’

‘ಹೂಂ.’

‘ನಂದು ನೀನು ನೋಡಿದ್ಯಾ?’

‘ನೋಡಿದ್ದೆ.’

‘ಯಾವಾಗ?’

‘ಆ ಕಂದು ಚೌಕದ ಸಾಲು ಹೊಲೀತಿದ್ಯಲ್ಲ, ಆಗಲೇ’ ಎಂದಳು ಅಕ್ಕ. ‘ಹೇಳೋಣ ಅಂತಾನೇ ಇದ್ದೆ.’

ಕಂದು ಚೌಕದ ಸಾಲು. ತಂಗಿ ಮನಸ್ಸಿನಲ್ಲೇ ಹಿಂದಕ್ಕೆ ಹೋದಳು. ಆಗಿನ್ನೂ ಸ್ಕರ್ಟಿಗೆ ಸೂಜಿ ಬಿದ್ದಿರಲಿಲ್ಲ. ತಲೆಯೆತ್ತಿದಾಗ ಅಕ್ಕ ತನ್ನನ್ನೇ ನೋಡುತ್ತಿದ್ದದ್ದು, ತುಟಿಯ ಮೂಲೆಯಲ್ಲಿ ಏನೋ ಇದ್ದದ್ದು. ಹಾಗಾದರೆ ಅಕ್ಕನ ಸೂಜಿ ದಾರಿ ತಪ್ಪಿದ್ದು ತನ್ನ ಪೈಜಾಮ ನೋಡಿ ಸಂತೋಷಪಡುತ್ತಿದ್ದಾಗ. ಇವಳೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಮೊದಲು ಕೂತವಳೇ ಇವಳು. ‘ನೀನು ಯಾಕಕ್ಕ ಹೇಳ್ಲಿಲ್ಲ’ ಎಂದು ಕೇಳಿದಳು, ನಿಜವಾಗಿಯೂ ಅರ್ಥವಾಗದೆ. ‘ನಿಂಗೇನು ಬೇಕಿತ್ತು ಅದ್ರಿಂದ?’

ಅಕ್ಕ ಕಿಟಕಿಯ ಕಡೆ ತಿರುಗಿದಳು. ಗಂಟೆ ಬಾರಿಸುತ್ತಿತ್ತು, ಅದರ ನಡುವೆಯೇ ಮಾತಾಡಿದಳು, ಗಂಟೆಯ ಮೇಲೆ ಕೋಪ ಇದ್ದವಳ ಹಾಗೆ. ‘ನೀನು ಅದರ ಫೋಟೋ ಕಳಿಸಿದ್ಯಲ್ಲ ನನ್ನ ಮಗಳಿಗೆ. ಅವತ್ತೇ ಫೋನ್ ಮಾಡಿದ್ಲು. ಅಮ್ಮಾ, ಚಿಕ್ಕಮ್ಮ ಎಷ್ಟು ಚೆನ್ನಾಗಿ ಮಾಡಿದಾರೆ, ಹಳದಿ ಪಕ್ಕ ಕಂದು ಇಡೋಕೆ ಯಾರಿಗೆ ಹೊಳೆಯುತ್ತೆ, ಅಂದ್ಲು. ನಾನೂ ಒಂದು ಕೈ ಹಾಕ್ತೀನಿ ಕಣೆ ಅಂದೆ. ಬೇಡಮ್ಮ, ನೀನು ಮುಟ್ಟಬೇಡ, ನೀನು ಮುಟ್ಟಿದ್ರೆ ತುಂಬಾ ನೀಟಾಗಿಬಿಡುತ್ತೆ ಅಂದ್ಲು.’ ಸ್ವಲ್ಪ ತಡೆದು, ‘ಹೆತ್ತ ಮಗಳು’ ಎಂದಳು. ‘ನೀಟಾಗಿಬಿಡುತ್ತಂತೆ.’

ನೀಲಿ ಮುಗಿದುಹೋಗಿತ್ತು ಎನ್ನಲು ತಂಗಿ ಬಾಯಿ ತೆರೆದು, ಮುಚ್ಚಿಕೊಂಡಳು. ಅಕ್ಕನಿಗೆ ಹೊಟ್ಟೆಕಿಚ್ಚು. ತನ್ನ ಮೇಲೆ. ಆ ಚೆನ್ನಾಗಿದೆ ಗಂಟಲಿನಿಂದ ಅಷ್ಟು ಕಷ್ಟಪಟ್ಟು ಬಂದದ್ದು ಸುಳ್ಳಾದ್ದರಿಂದಲ್ಲ, ನಿಜವಾದ್ದರಿಂದ. ಇಷ್ಟು ವರ್ಷ ತಾನು ಅಕ್ಕನ ಎದುರಾಳಿಯಾಗಲೂ ಯೋಗ್ಯಳಲ್ಲ ಎಂದುಕೊಂಡೇ ಮುದುಕಿಯಾಗುತ್ತ ಬಂದಿದ್ದಳು. ಈಗ ನೋಡಿದರೆ ಅಕ್ಕ ತನ್ನ ತಪ್ಪಿಗಾಗಿ ಹೊಂಚು ಹಾಕಿಕೊಂಡು, ಅದು ಸಿಕ್ಕಿದ್ದಕ್ಕೆ ಮೈಮರೆತು, ಹೊಸ ಸ್ಕರ್ಟನ್ನು ಹೊಲಿದುಕೊಂಡು ಕೂತಿದ್ದಾಳೆ. ಇಷ್ಟು ದೊಡ್ಡ ಮರ್ಯಾದೆ ತಂಗಿಗೆ ಯಾರೂ ಯಾವತ್ತೂ ಮಾಡಿರಲಿಲ್ಲ. ಸಂತೋಷದಲ್ಲಿ ಎದೆ ಉಬ್ಬಿತು. ಆದರೆ ಕಿಟಕಿಯ ಕಡೆ ತಿರುಗಿದ ಆ ಮುಖ, ಮಗಳೇ ಬೇಡವೆಂದ ಆ ಕೈ ಸ್ಕರ್ಟಿನ ಹೊಲಿಗೆಯನ್ನು ಸುಮ್ಮನೆ ನೇವರಿಸುತ್ತಿದ್ದುದು ಕಂಡು ಆ ಸಂತೋಷ ನಿಲ್ಲಲೂ ಜಾಗವಿಲ್ಲದೆ ಹಾಗೇ ಕರಗಿಹೋಯಿತು. ಕೌದಿಯನ್ನು ಹಿಡಿದು ತನ್ನ ಕಡೆಗೆ ಮೆಲ್ಲಗೆ ಎಳೆದಳು. ಟೇಪು ಬಿಟ್ಟಿದ್ದರಿಂದ ಅದು ಬಂತು, ಅದರ ಜೊತೆ ಅಕ್ಕನೂ ಕೂತ ಹಾಗೇ ಸ್ವಲ್ಪ ಜರುಗಿ ಬಂದಳು. ಇನ್ನೊಮ್ಮೆ ಎಳೆದಳು. ಅಕ್ಕ ಬೇಡವೆನ್ನಲಿಲ್ಲ.

ಹೊರಗೆ ಭಾವ ಗಂಟೆಯನ್ನು ಬಿಟ್ಟು ಬಾಗಿಲನ್ನೇ ತಳ್ಳಿದರು. ಚಿಲಕ ಹಾಕಿರಲಿಲ್ಲ. ದಾರದ ಪೊಟ್ಟಣ ಹಿಡಿದು ಹೊಸ್ತಿಲಲ್ಲಿ ನಿಂತರು. ಕೋಣೆಯ ತುಂಬ ಕೌದಿ, ಕೌದಿಯ ನಡುವೆ ಮಂಡಿಗೆ ಮಂಡಿ ತಾಗಿಸಿಕೊಂಡು ಅಕ್ಕತಂಗಿಯರು ಕೂತಿದ್ದರು. ‘ಎರಡೂ ಬೂದು ತಂದಿದೀನಿ’ ಎಂದರು. ಕೌದಿಯನ್ನೊಮ್ಮೆ ನೋಡಿ, ‘ಆಯ್ತಾ? ಸುತ್ತಿ ಕೊಡಿ ಹಾಗಾದ್ರೆ, ಕಾರಲ್ಲಿ ಇಟ್ಟು ಬರ್ತೀನಿ’ ಎಂದರು.

ಕತ್ತರಿಸಿ ಉಳಿದ ಹತ್ತಿಯ ತುಂಡೊಂದು ಹತ್ತಿರ ಬಿದ್ದಿತ್ತು. ಅಕ್ಕ ಅದನ್ನು ಎಳೆದು, ತಂಗಿಯ ಮುಖ ನೋಡದೆ, ಚಳಿಯಾದವರಿಗೆ ಹೊದಿಸುವ ಹಾಗೆ ಅವಳ ಕಾಲಿನ ಮೇಲೆ ಹೊದಿಸಿದಳು. ಪೈಜಾಮದ ಬಿಳಿ ಹೊಲಿಗೆಗಳು ಅದರ ಕೆಳಗೆ ಹೋದವು.

‘ಅದನ್ನೆಲ್ಲೂ ಒಯ್ಯೋದು ಬೇಡ’ ಎಂದಳು ಗಂಡನಿಗೆ. ‘ಅದು ಇಲ್ಲೇ ಇರುತ್ತೆ. ಕೌದಿ ಹೊಲಿದವಳು ಅವಳು. ನಾನು ಬಂದು ನನ್ನ ಸ್ಕರ್ಟು ಹೊಲ್ಕೊಂಡೆ, ನೋಡಿ ಇಲ್ಲಿ.’ ಸ್ಕರ್ಟಿನ ಅಂಚನ್ನು ಎತ್ತಿ ತೋರಿಸಿದಳು, ಕೌದಿಯ ಮೂಲೆಯೂ ಅದರ ಜೊತೆ ಎದ್ದಿತು.

ಭಾವ ಕನ್ನಡಕ ಸರಿಮಾಡಿಕೊಂಡು, ಹೊಸ್ತಿಲಿನಿಂದಲೇ ಬಗ್ಗಿ, ಬಹಳ ಹೊತ್ತು ನೋಡಿದರು. ‘ನೆಟ್ಟಗೇ ಬಂದಿದೆಯಲ್ಲ’ ಎಂದರು.

ತಂಗಿಗೆ ನಗುವೂ ಬಂತು, ಅಳುವೂ ಬಂತು. ಯಾವುದಕ್ಕೂ ಎದ್ದು ಒಳಗೆ ಹೋಗುವ ಹಾಗಿರಲಿಲ್ಲ.